ಹೆಸರು ಕೇಳದ ಕಾಗದ

ಛತ್ರಪತಿ ಸಂಭಾಜಿನಗರ
೮ ಜುಲೈ ೨೦೨೪

ಚಿ. ಮಹಾಲಕ್ಷ್ಮಿಗೆ, ಇಡೀ ಮರಾಠವಾಡದಲ್ಲಿ ಎಲ್ಲರಿಗಿಂತ ಚೆಂದ ಕನ್ನಡ ಅಕ್ಷರ ಬರೆಯುವ ನಿನ್ನ ಸೋದರಮಾವ ವೈಜನಾಥನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಒಂದೂವರೆ ಪುಟ, ಅದರಲ್ಲಿ ಒಂಬತ್ತು ಮರಾಠಿ ಶಬ್ದ. ಎಣಿಸಿದ್ದೇನೆ. ಆದರೂ ಶಾಬಾಸ್. ನಾಶಿಕದಲ್ಲೇ ಹುಟ್ಟಿ ಬೆಳೆದು ವಿಮಾನ ಹಾರಿಸುವ ಹುಡುಗಿ ಈ ಫೋನಿನ ಕಾಲದಲ್ಲೂ ಮಾಮಾನಿಗೆ ಕನ್ನಡದಲ್ಲಿ ಕಾಗದ ಬರೆಯುತ್ತಾಳೆಂದರೆ ಅದು ಯಾರ ಪ್ರತಾಪ? ಶಾಲೆಯ ಸೂಟಿಯಲ್ಲಿ ಭಾಲ್ಕಿಗೆ ಬಂದವಳನ್ನು ಫರಸಿಯ ನೆಲದ ಮೇಲೆ ಕೂಡಿಸಿ, ಕೈಗೆ ಬಳಪ ಕೊಟ್ಟು ತಿದ್ದಿಸಿದವನು ನಾನು. ವಿಮಾನ ಕಲಿಸಿದವರು ಯಾರಾದರೂ ಇರಲಿ, ಅಕ್ಷರ ಕಲಿಸಿದವನು ಈ ಏಳನೇ ಇಯತ್ತೆಯ ತನಕ ಕಲಿತ ಮಾಮಾ. ಅದೂ ಶಾಲೆಗೇ ಎರಡನೆಯವನಾಗಿ ಪಾಸಾದವನು. ಆ ವರ್ಷ ಪರೀಕ್ಷೆಗೆ ಕೂತವರೇ ಮೂವರು ಎಂದು ನಿಮ್ಮವ್ವ ಹೇಳುತ್ತಾಳೆ. ಪ್ರೇಮಾಬಾಯಿಯ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡ.

ಲಾಜಿನ ಕೌಂಟರಿನಲ್ಲಿ ನನ್ನ ದರ್ಬಾರು ಜೋರಾಗಿದೆ. ನಿನ್ನಂಥ ನಾಶಿಕದ ಪೈಲಟ್‌ಗಳು ಇಲ್ಲಿ ಇಳಿದು ಅರ್ಧ ಗಂಟೆಯಲ್ಲಿ ಹಾರಿಹೋಗುತ್ತೀರಿ. ನಿಮ್ಮ ಕಂಪನಿಯ ಹೈದರಾಬಾದಿನವರು ಮಾತ್ರ ರಾತ್ರಿ ನಮ್ಮಲ್ಲಿ ಉಳಿಯುತ್ತಾರೆ, ಬೆಳಿಗ್ಗೆ ಅವರನ್ನು ಎಬ್ಬಿಸುವವನು ನಾನು. ಫೋನಿನ ಗಂಟೆ ನಂಬುವವನಲ್ಲ. ಬಾಗಿಲು ಬಡಿಯುತ್ತೇನೆ, ಒಳಗಿನಿಂದ “ಉಠ್ ಗಯಾ ಅಂಕಲ್” ಎಂದು ಎರಡು ಸಲ ಕೇಳುವ ತನಕ ಕದಲುವುದಿಲ್ಲ. ಒಂದು ಸಲಕ್ಕೆ ಮೋಸ ಇರುತ್ತದೆ, ನಿದ್ದೆಯಲ್ಲೇ ಹೇಳಿಬಿಡುತ್ತಾರೆ. ಆಮೇಲೆ ರಜಿಸ್ಟರಿನಲ್ಲಿ ಎರಡು ಕಾಲಮ್ಮು: ರಾತ್ರಿ ಅವರ ವ್ಯಾನ್ ಬಂದ ಹೊತ್ತು, ಬೆಳಿಗ್ಗೆ ಎಬ್ಬಿಸಿದ ಹೊತ್ತು. ಎರಡೂ ನನ್ನ ಕೈಬರಹ. ನಾನು ಏಳಿಸದಿದ್ದರೆ ಹೈದರಾಬಾದಿನ ವಿಮಾನವೇ ಏಳುವುದಿಲ್ಲ ಎಂದು ಕ್ಷೌರದ ಅಂಗಡಿಯಲ್ಲಿ ಹೇಳಿದ್ದೇನೆ. ಸುಳ್ಳೇನಲ್ಲ.

ಮೊನ್ನೆ ರಾತ್ರಿ ಹನ್ನೆರಡೂ ಇಪ್ಪತ್ತಕ್ಕೆ ಬಂದವರನ್ನು ನಾಲ್ಕೂವರೆಗೆ ಎಬ್ಬಿಸಿದೆ. ಇಷ್ಟೇ ನಿದ್ದೆ ಸಾಕೇನಪ್ಪಾ ಎಂದರೆ ಆ ಹುಡುಗ ನಕ್ಕು, ಕಂಪನಿಯ ಕಾಗದದಲ್ಲಿ ನಾವು ಹತ್ತಕ್ಕೇ ಮಲಗಿದ್ದೇವೆ ಅಂಕಲ್ ಎಂದ. ನೀನು ಹೇಗೆ ನಿದ್ದೆ ಮಾಡುತ್ತೀ, ಬರೆ.

ದೊಡ್ಡ ಸುದ್ದಿ ಬೇರೆ ಇದೆ. ನಿಮ್ಮ ಆಪರೇಷನ್ಸ್ ಮ್ಯಾನೇಜರ್ ಗುರುಪ್ರಸಾದ ಸಾಹೇಬರು ಬಂದು ಎರಡು ದಿನ ಉಳಿದಿದ್ದರು. ನನ್ನ ಡಬ್ಬಿಯ ವಾಸನೆ ಹಿಡಿದು ಅಡಿಗೆಮನೆಗೇ ಬಂದುಬಿಟ್ಟರು. “ಪುಂಡಿಪಲ್ಯ ಏನ್ರಿ ಇದು? ಕಲಬುರಗಿ ಬಿಟ್ಟ ಮ್ಯಾಲ ಬಾಯಿಗಿ ಬಿದ್ದಿಲ್ರಿ ಮಾಮಾ!” ನನಗೆ ಮಾಮಾ ಅಂದರು ನೋಡು! ಕೋಟು ಬಿಚ್ಚಿಟ್ಟು ಸ್ಟೂಲಿನ ಮೇಲೆ ಕೂತು ಮೂರು ರೊಟ್ಟಿ ಉಂಡರು. ಹದಿನೈದು ವರ್ಷದಲ್ಲಿ ಈ ಊರಿನ ಯಾವ ಸಾಹೇಬನೂ ನನ್ನ ಜೊತೆ ನಮ್ಮ ಭಾಷೆಯಲ್ಲಿ ಉಂಡಿರಲಿಲ್ಲ. ಇನ್ನು ನಿನಗೇನು ಚಿಂತೆ? ಮೇಲಿರುವವರು ನಮ್ಮವರು. ನಿನ್ನ ಪಕ್ಕ ಕೂಡುವ ಆ ತೆಲುಗಿನ ಕ್ಯಾಪ್ಟನ್ ಜಯರಾಮನ ಮಾತಿಗೆಲ್ಲ ತಲೆಯಾಡಿಸಬೇಡ. ಅವನು ಯಾವಾಗಲೂ ಕಂಪನಿಯನ್ನು ಬೈಯುತ್ತಾನೆ ಎಂದು ನೀನೇ ಬರೆದಿದ್ದೆ. ಹುಷಾರಿ.

ನಿನ್ನ ಮಾಮಾ,
ವೈಜನಾಥ (ಎಬ್ಬಿಸುವ ಖಾತೆಯ ಮಂತ್ರಿ)


ನಾಶಿಕ್
೧೯ ಜುಲೈ ೨೦೨೪

ಮಾಮಾ, ಶರಣು.

ಈ ಸಲ ಮರಾಠಿ ಶಬ್ದ ಎಣಿಸಬೇಡಿ. ಅವ್ವನಿಗೆ ಹೇಳದ ಒಂದು ವಿಷಯವನ್ನು ನಿಮಗೆ ಹೇಳುತ್ತಿದ್ದೇನೆ. ಯಾರಿಗಾದರೂ ಹೇಳದಿದ್ದರೆ ನನ್ನಿಂದ ಆಗುವುದಿಲ್ಲ.

ನಿದ್ದೆ ಹೇಗೆ ಎಂದು ಕೇಳಿದ್ದೀರಿ. ೧೧ನೇ ತಾರೀಕು ನಾನು ವಿಮಾನದಲ್ಲೇ ನಿದ್ದೆ ಮಾಡಿದೆ.

ಅಂದು ಆರು ಸಲ ಏರಿ ಇಳಿಯಬೇಕಿತ್ತು. ಅದಕ್ಕೂ ಹಿಂದಿನ ಮೂರು ದಿನ ಬೆಳಗಿನ ಡ್ಯೂಟಿ. ಆರನೆಯದು ಗೋವಾದಿಂದ ನಾಶಿಕ್‌ಗೆ. ಇಗತಪುರಿ ಕಡೆಯಿಂದ ಮಳೆ ಬಂದಿತ್ತು, ಟವರ್‌ನವರು ಇಳಿಯಲು ಬಿಡದೆ ನಮ್ಮನ್ನು ಮೇಲೆ ಸುತ್ತು ಹಾಕಿಸಿದರು. ಆಟೊಪೈಲಟ್ ತಾನೇ ಸುತ್ತುತ್ತಿತ್ತು. ಕ್ಯಾಪ್ಟನ್ ಜಯರಾಮ ಸರ್ ಕಣ್ಣು ಮುಚ್ಚಿದ್ದು ಕಂಡೆ. ಐದು ನಿಮಿಷ ಇರಲಿ, ನಾನು ಎಚ್ಚರ ಇದ್ದೇನಲ್ಲ ಎಂದುಕೊಂಡೆ. ಅದಾದ ಮೇಲೆ ನನಗೆ ನೆನಪಿರುವುದು ಕಿವಿಯಲ್ಲಿ ಯಾರೋ ನಮ್ಮ ನಂಬರ್ ಕೂಗುತ್ತಿದ್ದದ್ದು. ನಾಲ್ಕನೆಯ ಸಲ ಕರೆದಿದ್ದಂತೆ. ಸರ್ ಗಾಬರಿಯಿಂದ ಎದ್ದು, ರೇಡಿಯೊ ತೊಂದರೆ ಇತ್ತು ಎಂದು ಉತ್ತರ ಕೊಟ್ಟರು. ಎಂಟು ನಿಮಿಷ ಮಾಮಾ. ಹಿಂದೆ ನಲವತ್ತನಾಲ್ಕು ಜನ.

ಇಳಿದ ಮೇಲೆ ನನಗೆ ಸೀಟ್‌ಬೆಲ್ಟ್ ಬಿಚ್ಚಲು ಬರಲಿಲ್ಲ. ಸರ್ ಬಿಚ್ಚಿಕೊಟ್ಟರು.

ನಮ್ಮಲ್ಲಿ ಒಂದು ಫಾರ್ಮ್ ಇದೆ. ಅದರಲ್ಲಿ ಹೆಸರು ಬರೆಯುವ ಜಾಗವೇ ಇಲ್ಲ. ಆದ ತಪ್ಪನ್ನು ಬರೆದು ಡಬ್ಬಿಗೆ ಹಾಕಬೇಕು. ಯಾರು ಬರೆದರು ಎಂದು ಯಾರೂ ಹುಡುಕುವುದಿಲ್ಲ, ಯಾರಿಗೂ ಶಿಕ್ಷೆ ಇಲ್ಲ, ನೀವು ಹೇಳಿದರೆ ಮಾತ್ರ ನಾವು ಸರಿಪಡಿಸಬಹುದು ಎಂದು ಗುರುಪ್ರಸಾದ ಸರ್ ಜನವರಿಯ ಮೀಟಿಂಗ್‌ನಲ್ಲಿ ಹೇಳಿದ್ದರು. ಹಳೆಯ ಪೈಲಟ್‌ಗಳು ಯಾರೂ ಬರೆಯುವುದಿಲ್ಲ. ಬರೆದವರ ಡ್ಯೂಟಿ ಮರುತಿಂಗಳೇ ಕೆಡುತ್ತದೆ ಎನ್ನುತ್ತಾರೆ. ಜಯರಾಮ ಸರ್‌ಗೆ ಕೇಳಿದೆ. “ಲಿಖನಾ ಹೈ ತೋ ಲಿಖೋ ಬೇಟಾ,” ಎಂದರು. ನಾನು ಬರೆಯುವುದಿಲ್ಲ, ನೀನು ಬರೆದರೆ ತಡೆಯುವುದೂ ಇಲ್ಲ ಎಂದರು.

ನಾನು ಬರೆದೆ. ತಾರೀಕು ಹಾಕಲಿಲ್ಲ, ಊರು ಹಾಕಲಿಲ್ಲ. ಇಬ್ಬರೂ ನಿದ್ದೆ ಹೋದೆವು ಎಂದಷ್ಟೇ ಬರೆದೆ. ಡಬ್ಬಿಗೆ ಹಾಕಿದ ಮೇಲೆ ಎದೆ ಹಗುರಾಯಿತು. ಒಬ್ಬರಾದರೂ ನಂಬಬೇಕಲ್ಲ ಮಾಮಾ?

ಇದು ಗೊತ್ತಿರುವುದು ಮೂವರಿಗೆ: ನನಗೆ, ಜಯರಾಮ ಸರ್‌ಗೆ, ಈಗ ನಿಮಗೆ. ದಯವಿಟ್ಟು ಯಾರಿಗೂ ಹೇಳಬೇಡಿ.

ಮಹಾಲಕ್ಷ್ಮಿ


ಛತ್ರಪತಿ ಸಂಭಾಜಿನಗರ
೨೭ ಜುಲೈ ೨೦೨೪

ನಮ್ಮ ಮನೆತನದ ಹುಲಿಗೆ, ಹುಲಿಯ ಮಾಮಾನ ಆಶೀರ್ವಾದ.

ಓದಿದೆ. ಎರಡು ಸಲ ಓದಿದೆ. ಎಂಟು ನಿಮಿಷಕ್ಕೆ ಇಷ್ಟು ಹೆದರಿದರೆ ಹೇಗೆ? ನಾನು ಹರೆಯದಲ್ಲಿ ಕಮಲನಗರದಿಂದ ಭಾಲ್ಕಿಗೆ ಸೈಕಲ್ ಮೇಲೆ ನಿದ್ದೆ ಮಾಡುತ್ತಲೇ ಬಂದಿದ್ದೆ. ಕಣ್ಣು ತೆರೆದಾಗ ಸೈಕಲ್ ನಮ್ಮ ಓಣಿಯಲ್ಲೇ ನಿಂತಿತ್ತು. ನಂಬು ಬಿಡು.

ನಿನ್ನನ್ನು ನಗಿಸಲು ಬರೆದೆ. ಓದುವಾಗ ಮಾತ್ರ ನನಗೆ ಕೂಡಲು ಆಗಲಿಲ್ಲ, ಎದ್ದು ನಿಂತು ಓದಿದೆ.

ಆದರೆ ನೀನು ಬರೆದೆಯಲ್ಲ, ಅದು ದೊಡ್ಡದು. ಗಡ್ಡ ನೆರೆತ ಪೈಲಟ್‌ಗಳು ಬಾಯಿ ಮುಚ್ಚಿಕೊಂಡು ಕೂತಲ್ಲಿ ನಮ್ಮ ಪ್ರೇಮಾಬಾಯಿಯ ಮಗಳು ಖರೇ ಬರೆದಳು. ಆ ಜಯರಾಮ ತಾನು ಬರೆಯುವುದಿಲ್ಲ ಎಂದನಲ್ಲ, ಅಲ್ಲೇ ಅವನ ಬಣ್ಣ ತಿಳಿಯಿತು.

ಮೊನ್ನೆ ಗುರುವಾರ ಗುರುಪ್ರಸಾದ ಸಾಹೇಬರು ಮತ್ತೆ ಬಂದಿದ್ದರು. ಈ ಸಲ ಶೇಂಗಾ ಹಿಂಡಿಯನ್ನು ಕೇಳಿ ಹಾಕಿಸಿಕೊಂಡರು. ನಿನ್ನ ಬಗ್ಗೆ ಒಂದು ಮಾತು ಹಾಕಿದ್ದೇನೆ. ಏನೆಂದು ಕೇಳಬೇಡ, ಫಲ ಬಂದಾಗ ತಾನೇ ತಿಳಿಯುತ್ತದೆ. ಅವರು ಜೇಬಿನಿಂದ ಡೈರಿ ತೆಗೆದು ನನ್ನ ಕಣ್ಣೆದುರಿಗೇ ನಿನ್ನ ಹೆಸರು ಬರೆದುಕೊಂಡರು. ಸಾಹೇಬನೊಬ್ಬ ಡೈರಿಯಲ್ಲಿ ಹೆಸರು ಬರೆದುಕೊಂಡನೆಂದರೆ ಸುಮ್ಮನೆ ಅಲ್ಲ. ಮುಂದಿನ ದಸರೆಗೆ ನಿನ್ನ ಭುಜದ ಮೇಲೆ ಇನ್ನೊಂದು ಪಟ್ಟಿ ಏರದಿದ್ದರೆ ನನ್ನ ಮೀಸೆ ಬೋಳಿಸುತ್ತೇನೆ.

ವೈಜನಾಥ (ಮೀಸೆ ಸಮೇತ)


ನಾಶಿಕ್
೯ ಆಗಸ್ಟ್ ೨೦೨೪

ಮಾಮಾ,

೬ನೇ ತಾರೀಕು ನನ್ನನ್ನು ಆಫೀಸಿಗೆ ಕರೆದರು. ಗುರುಪ್ರಸಾದ ಸರ್ ಒಬ್ಬರೇ ಇದ್ದರು. ಟೇಬಲ್ ಮೇಲೆ ನನ್ನ ಫಾರ್ಮ್ ಇತ್ತು. ಇದನ್ನು ಬರೆದವರು ಯಾರು ಎಂದು ಅವರು ಕೇಳಲೇ ಇಲ್ಲ. “ಕುಂದ್ರು ತಂಗಿ. ಇದು ನೀ ಬರದದ್ದಂತ ಗೊತ್ತದ. ಅಂಜಬ್ಯಾಡ,” ಎಂದರು.

ನೀವು ನನ್ನ ಬಗ್ಗೆ ಒಳ್ಳೆಯ ಮಾತು ಹೇಳಿದ್ದಕ್ಕೇ ಇರಬೇಕು, ಬಹಳ ಮೃದುವಾಗಿ ಮಾತಾಡಿದರು. ಚಹಾ ತರಿಸಿದರು. ೧೧ನೇ ತಾರೀಕಿನ ರೇಡಿಯೊ ವಿಷಯವೂ ಅವರ ಹತ್ತಿರ ಇತ್ತು. ನನ್ನ ಹೆಸರು ಸಿಕ್ಕ ಮೇಲೆ ಉಳಿದದ್ದು ಸುಲಭ, ಆ ತಿಂಗಳು ನಾನು ಯಾರ ಜೊತೆ ಹಾರಿದ್ದೆ ಎಂದು ನೋಡಿದರಾಯಿತು.

ಈಗ ನಾನು ಒಂದು ಹೇಳಿಕೆ ಬರೆದು ಸಹಿ ಮಾಡಬೇಕಂತೆ. ಕ್ಯಾಪ್ಟನ್ ನಿದ್ದೆ ಹೋಗಿದ್ದರು, ನಾನು ಎಬ್ಬಿಸಿದೆ ಎಂದು. “ಇಬ್ಬರೂ ಮಲಗಿದ್ದೆವು ಸರ್” ಎಂದೆ. ಅವರು ನಕ್ಕರು. “ಇಬ್ಬರೂ ಅಂತ ಬರದ್ರ ಇಬ್ಬರನ್ನೂ ನಿಲ್ಲಸಬೇಕಾಗ್ತದ. ನಿನಗ ಇಪ್ಪತ್ತಾರು ವರ್ಷ. ಅವರದು ಮುಗೀಲಾಕ ಬಂದದ. ವಿಚಾರ ಮಾಡು,” ಎಂದರು. ನಿದ್ದೆ ಯಾಕೆ ಬಂತು ಎಂದು ಒಂದು ಸಲವೂ ಕೇಳಲಿಲ್ಲ. ೩೦ನೇ ತಾರೀಕಿನವರೆಗೆ ಟೈಮ್ ಕೊಟ್ಟಿದ್ದಾರೆ. ನೌಕರಿ ಬಿಡುತ್ತೇನೆ ಎಂದರೂ ಆರು ತಿಂಗಳು ಮೊದಲು ಹೇಳಬೇಕು. ಆ ಆರು ತಿಂಗಳೂ ಅವರ ಕೈಯಲ್ಲೇ ಇರಬೇಕು.

ನನ್ನ ಹೆಸರು ಕೊಟ್ಟವರು ಯಾರು ಮಾಮಾ? ಮೂವರಿಗೆ ಗೊತ್ತಿತ್ತು. ನಾನು ಹೇಳಿಲ್ಲ. ನೀವು ನಾಶಿಕದಲ್ಲೇ ಇಲ್ಲ. ಉಳಿದವರು ಒಬ್ಬರು. ತಾನು ತಪ್ಪಿಸಿಕೊಳ್ಳಲು ಮೊದಲೇ ಹೋಗಿ ನನ್ನ ಮೇಲೆ ಹೇಳಿರಬೇಕು. ಹುಷಾರಿ ಎಂದು ನೀವು ಬರೆದಿದ್ದಿರಿ, ನಾನೇ ಕೇಳಲಿಲ್ಲ.

ಅವರ ಜೊತೆಗೇ ದಿನಾ ಹಾರುತ್ತಿದ್ದೇನೆ. ಚೆಕ್‌ಲಿಸ್ಟ್‌ನಲ್ಲಿರುವ ಶಬ್ದ ಬಿಟ್ಟು ಬೇರೆ ಮಾತಿಲ್ಲ. ನಿನ್ನೆ ಚಿತ್ರಾನ್ನದ ಡಬ್ಬಿ ತೆಗೆದು ನನ್ನ ಕಡೆ ಚಾಚಿದರು. ಬೇಡ ಎಂದೆ. ಅವರು ಮುಚ್ಚಿ ಇಟ್ಟುಕೊಂಡರು, ತಾವೂ ತಿನ್ನಲಿಲ್ಲ. ನನಗೆ ಅಯ್ಯೋ ಎನ್ನಿಸಲಿಲ್ಲ.

ಮಹಾಲಕ್ಷ್ಮಿ


ಛತ್ರಪತಿ ಸಂಭಾಜಿನಗರ
೧೭ ಆಗಸ್ಟ್ ೨೦೨೪

ಚಿ. ಮಹಾಲಕ್ಷ್ಮಿಗೆ ಆಶೀರ್ವಾದ.

ಕಾಗದ ಮುಟ್ಟಿ ನಾಲ್ಕು ದಿನವಾಯಿತು. ಮೊಣಕಾಲು ನೋವು, ಅದಕ್ಕೇ ತಡ. ಇಲ್ಲಿ ಮಳೆ ಒಂದು ದಿನ ಇದ್ದರೆ ಎರಡು ದಿನ ಇಲ್ಲ. ಲಾಜಿನ ಮೇಲಿನ ನೀರಿನ ಟಾಕಿ ಸೋರುತ್ತಿದೆ, ರಿಪೇರಿಯವನು ಬಂದಿಲ್ಲ.

ಕಂಪನಿ ಎಂದ ಮೇಲೆ ನೂರು ಕಿವಿ ಇರುತ್ತವೆ. ಯಾವ ಕಿವಿಗೆ ಏನು ಬಿತ್ತೋ ಯಾರು ಬಲ್ಲರು. ಆ ಕ್ಯಾಪ್ಟನ್ ಮೇಲೆ ಅಷ್ಟು ಬೇಗ ಸಂಶಯ ಇಟ್ಟುಕೊಳ್ಳಬೇಡ. ತೆಲುಗಿನವರಲ್ಲೂ ಒಳ್ಳೆಯವರು ಇರುತ್ತಾರೆ. ನಾನು ಹಿಂದೆ ಬರೆದದ್ದು ಸುಮ್ಮನೆ ಬರೆದದ್ದು.

ಸಹಿ ಮಾಡಲು ಅವಸರ ಮಾಡಬೇಡ. ಯಾಕೆಂದು ಕೇಳಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು.

ವೈಜನಾಥ


ನಾಶಿಕ್
೨೩ ಆಗಸ್ಟ್ ೨೦೨೪

ಮಾಮಾ,

ನಿಮ್ಮ ಕಾಗದ ಬಂತು. ಇಷ್ಟು ಸಣ್ಣ ಕಾಗದ ನೀವು ಯಾವತ್ತೂ ಬರೆದಿಲ್ಲ. ಈ ವಾರ ಮೂರು ಸಲ ಫೋನ್ ಮಾಡಿದಿರಿ. ಮೂರು ಸಲವೂ “ಊಟ ಆತೇನವಾ?” ಎಂದು ಕೇಳಿ ಇಟ್ಟುಬಿಟ್ಟಿರಿ. ಅವ್ವ ಕೂಡ, “ವೈಜಣ್ಣಗ ಏನಾಗೇದ, ಬಡಾಯಿನೇ ಹೊಡೀಲಾಕತ್ತಿಲ್ಲ?” ಎಂದು ಕೇಳಿದಳು.

ಯಾಕೆಂದು ಕೇಳಬೇಡ ಎಂದರೆ ಹೇಗೆ? ಬರುವ ಶುಕ್ರವಾರ ಸಹಿ ಮಾಡಬೇಕು. ಸಹಿ ಮಾಡಬಾರದು ಎನ್ನಲು ಒಂದು ಕಾರಣ ಕೊಡಿ, ಒಂದೇ ಒಂದು. ಜಯರಾಮ ಸರ್ ನನ್ನನ್ನು ಮಾರಲಿಲ್ಲ ಎನ್ನಲು ನಿಮ್ಮ ಹತ್ತಿರ ಏನಾದರೂ ಇದೆಯೇ? ನಿಮಗೆ ಎಲ್ಲರೂ ಒಳ್ಳೆಯವರೇ ಮಾಮಾ. ನೀವು ನಮ್ಮ ಆಫೀಸ್ ನೋಡಿಲ್ಲ.

ಬೇರೆ ಕಾರಣ ಇಲ್ಲದಿದ್ದರೆ ನಾನು ಸಹಿ ಮಾಡುತ್ತೇನೆ. ಅವರು ಮಲಗಿದ್ದು ಸುಳ್ಳಂತೂ ಅಲ್ಲ.

ಮಹಾಲಕ್ಷ್ಮಿ


ಛತ್ರಪತಿ ಸಂಭಾಜಿನಗರ
೨೮ ಆಗಸ್ಟ್ ೨೦೨೪, ಸ್ಪೀಡ್ ಪೋಸ್ಟ್

ಲಕ್ಷ್ಮೀ,

ಸಹಿ ಮಾಡಬೇಡ. ನಿನ್ನ ಹೆಸರು ಕೊಟ್ಟವನು ನಾನು.

ಫೋನಿನಲ್ಲಿ ಹೇಳಬೇಕೆಂದೇ ಮೂರು ಸಲ ಹಚ್ಚಿದೆ. ನೀನು “ಮಾಮಾ” ಎಂದ ಕೂಡಲೇ ನಾಲಿಗೆ ಊಟದ ಕಡೆ ಓಡಿಹೋಯಿತು. ಎದುರಿಗೆ ಯಾರೂ ಇಲ್ಲದಾಗ ಮಾತ್ರ ಇದನ್ನು ಹೇಳಲು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಆ ಗುರುವಾರ ಸಾಹೇಬರು ಉಣ್ಣುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

“ಸಾಹೇಬ್ರ, ನಿಮ್ಮ ಕಂಪನ್ಯಾಗ ಗಂಡೆದಿ ಇರೂದು ಒಬ್ಬರಿಗೇ ನೋಡ್ರಿ. ಅದೂ ಹೆಣ್ಣಮಗಳಿಗೆ.”

“ಯಾರ್ರಿ ಮಾಮಾ ಅವರು?”

“ಆ ಹೆಸರಿಲ್ಲದ ಫಾರ್ಮ್ ಬಂದಿರಬೇಕಲ್ಲ ನಿಮಗ? ವಿಮಾನದಾಗ ಮಲಗಿದ್ದು? ಅದು ನಮ್ಮ ರಕ್ತರಿ. ನನ್ನ ತಂಗಿ ಮಗಳು!”

ಅವರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಆಮೇಲೆ ನಕ್ಕರು. “ಭಾಳ ಹೆಮ್ಮಿ ಮಾತು ಬಿಡ್ರಿ ಇದು. ಪೂರಾ ಹೆಸರೇನಂದ್ರಿ?”

ಹೇಳಿದೆ. ಅಡ್ಡಹೆಸರೂ ಹೇಳಿದೆ. ಡೈರಿಯಲ್ಲಿ ತಪ್ಪಾಗಬಾರದೆಂದು ಎರಡು ಸಲ ಹೇಳಿದೆ.

ನೀನು ಯಾರಿಗೂ ಹೇಳಬೇಡಿ ಎಂದು ಬರೆದಿದ್ದೆ. ಯಾರಿಗೂ ಎಂದರೆ ಹೊರಗಿನವರಿಗೆ ಎಂದುಕೊಂಡೆ. ನನ್ನ ಡಬ್ಬಿಯಿಂದ ಪುಂಡಿಪಲ್ಯ ಹಾಕಿಸಿಕೊಂಡು, ನಮ್ಮ ಮಾತಾಡುತ್ತ ಉಣ್ಣುವವನು ಹೊರಗಿನವನು ಆಗುತ್ತಾನೆಂದು ನನಗೆ ಹೊಳೆಯಲಿಲ್ಲ. ಈ ಊರಲ್ಲಿ ಇಷ್ಟು ವರ್ಷ ಇದ್ದವರಿಗೆ ನಮ್ಮ ಭಾಷೆ ಕಿವಿಗೆ ಬಿದ್ದರೆ ಸಾಕು, ಬಾಗಿಲು ತೆರೆದುಬಿಡುತ್ತೇವೆ.

ಇನ್ನೂ ಒಂದಿದೆ. ೨೦ನೇ ತಾರೀಕು ಸಾಹೇಬರು ಬಂದು ನಮ್ಮ ಮಾಲೀಕರ ಜೊತೆ ಮಾತಾಡಿದರು. ಹೋಗುವಾಗ ನನ್ನ ಹೆಗಲ ಮೇಲೆ ಕೈ ಇಟ್ಟರು. “ಮಾಮಾ, ವ್ಯಾನ್ ಬಂದ ಟೈಮ್ ಬರಿಯೂದು ನಿಮಗ್ಯಾಕ ತ್ರಾಸ? ಆಫೀಸಿಂದ ಕಳಸ್ತೀವಿ, ಅದನ್ನ ರಜಿಸ್ಟರಿಗಿ ಏರಸ್ರಿ,” ಎಂದರು. ಅದೇ ದನಿ, ಅದೇ ನಗು. ಆಗ ತಿಳಿಯಿತು ನನಗೆ. ತಿಳಿದೂ “ಆಯ್ತರಿ” ಎಂದೆ. ಹಳೆಯ ರಜಿಸ್ಟರನ್ನು ಮಾಲೀಕರು ಒಯ್ದಿದ್ದಾರೆ. ಎಂಟು ದಿನದಿಂದ ಎಲ್ಲರೂ ಹತ್ತು ಗಂಟೆಗೆ ಮಲಗಿದರೆಂದು ಹೊಸದರಲ್ಲಿ ನಾನೇ ಬರೆಯುತ್ತಿದ್ದೇನೆ. ಕಂಪನಿ ಪೈಲಟ್‌ಗಳಿಗೆ ನಿದ್ದೆ ಬಿಡುವುದಿಲ್ಲ ಎಂದು ತೋರಿಸಿ ನಿನ್ನ ಕೈ ಹಿಡಿಯಬಹುದಾಗಿದ್ದ ಒಂದು ಕಾಗದ ಇತ್ತು, ಅದನ್ನೂ ಉಳಿಸಿಕೊಳ್ಳಲಿಲ್ಲ.

ಜಯರಾಮ ಅವರು ಏನೂ ಮಾಡಿಲ್ಲ. ಸಹಿ ಮಾಡಬೇಡ ತಾಯಿ. ಈ ಕಾಗದ ಶುಕ್ರವಾರದೊಳಗೆ ಮುಟ್ಟುತ್ತದೆಂದು ಪೋಸ್ಟಿನವರು ಹೇಳಿದ್ದಾರೆ.

ವೈಜನಾಥ


ನಾಶಿಕ್
೪ ಸೆಪ್ಟೆಂಬರ್ ೨೦೨೪

ಮಾಮಾ,

ನಿಮ್ಮ ಕಾಗದ ಶನಿವಾರ ಮಧ್ಯಾಹ್ನ ಬಂತು. ನಾನು ಸಹಿ ಮಾಡಿದ್ದು ಶುಕ್ರವಾರ ಹನ್ನೊಂದಕ್ಕೆ.

ಮೆಟ್ಟಿಲ ಮೇಲೆ ಕೂತು ಓದಿದೆ. ಅವ್ವ ಯಾರದು ಎಂದು ಕೇಳಿದಳು. ಬ್ಯಾಂಕಿನದು ಎಂದೆ.

ಸೋಮವಾರ ಹೋಗಿ ನನ್ನ ಹೇಳಿಕೆ ವಾಪಸು ಕೊಡಿ ಎಂದೆ. “ತಗೋಳಾಕ ಬರ್ತದ, ಯಾಕ ಬರೂದಿಲ್ಲ?” ಎಂದರು ಗುರುಪ್ರಸಾದ ಸರ್. “ಆದ್ರ ಮೊದಲನೇದು ಸುಳ್ಳಿತ್ತು ಅಂತ ಬರದುಕೊಡಬೇಕು. ಸುಳ್ಳು ಸಹಿ ಮಾಡಿದ ಪೈಲಟ್‌ಗ ಯಾವ ಕಂಪನಿ ವಿಮಾನ ಕೊಡ್ತದ ತಂಗಿ?” ನಾನು ಬ್ಯಾಗ್ ಎತ್ತಿಕೊಂಡು ಹೊರಟೆ. ಬಾಗಿಲ ತನಕ ಬಂದು, “ಮಾಮಾಗ ಕೇಳೀನಂತ ಹೇಳು,” ಎಂದರು.

ಜಯರಾಮ ಸರ್ ಹೆಸರು ಡ್ಯೂಟಿ ಪಟ್ಟಿಯಿಂದ ತೆಗೆದಿದ್ದಾರೆ. ಲೈಸೆನ್ಸ್ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ನಮ್ಮ ಕೊನೆಯ ಹಾರಾಟ ಬೆಳಗಾವಿಯಿಂದ. ಇಳಿದ ಮೇಲೆ ಎಂದಿನಂತೆ “ಗುಡ್ ಲ್ಯಾಂಡಿಂಗ್” ಎಂದಿದ್ದರು. ನಾನು ಉತ್ತರ ಕೊಡಲಿಲ್ಲ. ಅದು ಚೆಕ್‌ಲಿಸ್ಟ್‌ನಲ್ಲಿ ಇರಲಿಲ್ಲ.

ನಿಮ್ಮ ಮೇಲೆ ಸಿಟ್ಟು ಇದೆಯೋ ಇಲ್ಲವೋ ಹೇಳಲು ಬರುತ್ತಿಲ್ಲ. ನೀವು ಹೆಸರು ಕೊಟ್ಟಿರಿ. ‘ಇಬ್ಬರೂ’ ಎಂಬ ಶಬ್ದ ತೆಗೆದವಳು ನಾನು. ಅದಕ್ಕೆ ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ.

ಸ್ವಲ್ಪ ದಿನ ಬರೆಯಬೇಡಿ.

ಮಹಾಲಕ್ಷ್ಮಿ


ಛತ್ರಪತಿ ಸಂಭಾಜಿನಗರ
೨೯ ಸೆಪ್ಟೆಂಬರ್ ೨೦೨೪

ಲಕ್ಷ್ಮೀ,

ಬರೆಯಬೇಡ ಎಂದಿದ್ದೀಯ. ಇಪ್ಪತ್ತೈದು ದಿನ ತಡೆದೆ. ಈಗ ಎರಡು ವಿಷಯ ಹೇಳಲೇಬೇಕು. ನೀನು ಉತ್ತರ ಕೊಡಬೇಕೆಂದಿಲ್ಲ.

೧೫ನೇ ತಾರೀಕು ಭಾನುವಾರ ನಾನು ನಾಶಿಕಕ್ಕೆ ಬಂದಿದ್ದೆ. ನಿಮ್ಮ ಮನೆಗೆ ಬರಲಿಲ್ಲ. ಎಸ್‌ಟಿ ಬಸ್ಸಿನಲ್ಲಿ ಬಂದು, ಎಸ್‌ಟಿ ಬಸ್ಸಿನಲ್ಲೇ ಹೋದೆ. ನಡುವೆ ಜಯರಾಮ ಅವರ ಮನೆಗೆ ಹೋಗಿದ್ದೆ. ವಿಳಾಸವನ್ನು ಹೈದರಾಬಾದಿನ ಪೈಲಟ್ ಒಬ್ಬನ ಹತ್ತಿರ ತೆಗೆದುಕೊಂಡೆ.

ಅವರೇ ಬಾಗಿಲು ತೆಗೆದರು. ಲುಂಗಿ, ಬನಿಯನ್. ನನ್ನನ್ನು ನೋಡಿ, ಸಂಭಾಜಿನಗರದಲ್ಲಿ ಬಾಗಿಲು ಮುರಿಯುವ ಅಂಕಲ್ ನೀವೇ ಅಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ಹಿಂದೆ ಎಂದೋ ಎರಡು ದಿನ ನಮ್ಮಲ್ಲಿ ಉಳಿದಿದ್ದರಂತೆ. ನನಗೆ ನೆನಪಿಲ್ಲ. ಅವರಿಗೆ ನೆನಪಿದೆ.

ನಾನು ಕೂಡಲಿಲ್ಲ. ನಿಂತೇ ಎಲ್ಲ ಹೇಳಿದೆ. ನನ್ನ ಹಿಂದಿ ನಿನಗೆ ಗೊತ್ತು, ಅದರಲ್ಲೇ ಹೇಳಿದೆ. ಹೆಸರು ಕೊಟ್ಟವನು ನಾನು, ನಿಮ್ಮ ಮೇಲೆ ಸಂಶಯ ಬಿತ್ತಿದವನೂ ನಾನು, ಹುಡುಗಿಗೆ ಗೊತ್ತಿರಲಿಲ್ಲ, ಗೊತ್ತಾಗುವುದರೊಳಗೆ ಸಹಿ ಆಗಿತ್ತು ಎಂದೆ. ಅವರು ಬೈದರೆ ಬೈಸಿಕೊಳ್ಳಬೇಕು, ಹೊಡೆದರೆ ಹೊಡೆಸಿಕೊಳ್ಳಬೇಕು ಎಂದು ತಯಾರಾಗಿ ಹೋಗಿದ್ದೆ. ಅವರು ಒಳಗೆ ಹೋಗಿ ನೀರು ತಂದುಕೊಟ್ಟರು.

ನೀನೇ ಭೋಳೆತನದಿಂದ ಯಾರ ಮುಂದೋ ಬಾಯಿ ಬಿಟ್ಟಿರಬೇಕೆಂದು ಅವರು ತಿಳಿದಿದ್ದರಂತೆ. “ಗುಸ್ಸಾ ನಹೀ ಥಾ,” ಎಂದರು. ನೀನು ಡಬ್ಬಿಯ ಅನ್ನ ಬೇಡ ಎಂದ ದಿನ ಮಾತ್ರ ಮನಸ್ಸಿಗೆ ಹತ್ತಿತಂತೆ.

ಮುಂದಿನದನ್ನು ಸರಿಯಾಗಿ ಓದು. ಇದು ಅವರದೇ ಮಾತು, ನಿನಗೆ ಹೇಳಿಕಳಿಸಿದ್ದು. ಹೇಳಿಕೆ ಹಿಂದೆ ತೆಗೆದುಕೊಳ್ಳುವುದು ಬೇಡ. ತೆಗೆದುಕೊಂಡರೆ ಇಬ್ಬರೂ ನೆಲದ ಮೇಲೆ. ನನಗೆ ಉಳಿದದ್ದು ನಾಲ್ಕು ವರ್ಷ, ಆಕೆಗೆ ಉಳಿದದ್ದು ಮೂವತ್ತೆಂಟು. ಬಾಯಿ ಮುಚ್ಚಿಕೊಂಡು ಹಾರಲಿ. ಕಣ್ಣು ಎಳೆದರೆ ಪಕ್ಕದವನಿಗೆ ಹೇಳಿ ಸರದಿಯಲ್ಲಿ ಮಲಗಲಿ, ಕಾಗದಕ್ಕೆ ಮಾತ್ರ ಹೇಳದಿರಲಿ. ನನ್ನನ್ನು ನೋಡಲು ಬರುವುದೂ ಬೇಡ, ಬಂದರೆ ಯಾರಾದರೂ ನೋಡುತ್ತಾರೆ.

ಇದು ನ್ಯಾಯವೇ ಸಾಹೇಬ ಎಂದು ಕೇಳಿದೆ. ಅವರು ನನ್ನ ಖಾಲಿ ಲೋಟ ತೆಗೆದುಕೊಂಡು, ಬಸ್ ಎಷ್ಟು ಗಂಟೆಗೆ ಎಂದು ಕೇಳಿದರು.

ಬರುವಾಗ ದಾರಿಯುದ್ದಕ್ಕೂ ನಾನು ಪಕ್ಕದವನ ಜೊತೆ ಮಾತಾಡಲಿಲ್ಲ. ನಾನು, ವೈಜನಾಥ, ನಾಲ್ಕು ತಾಸು.

ಎರಡನೆಯದು ನಿನ್ನೆಯದು. ಹೈದರಾಬಾದಿನಿಂದ ಬಂದವರಲ್ಲಿ ಒಬ್ಬಳು ಹೊಸ ಪೈಲಟ್ ಇದ್ದಳು, ರೇಷ್ಮಾ ಎಂದು. ನಿನಗಿಂತ ಚಿಕ್ಕವಳು. ಎಬ್ಬಿಸಲು ಹೋದರೆ ಆಗಲೇ ತಯಾರಾಗಿ ಮಂಚದ ಮೇಲೆ ಕೂತಿದ್ದಳು. ಮಲಗಿದ ಹಾಗೆ ಕಾಣಲಿಲ್ಲ. ವ್ಯಾನಿಗೆ ಕಾಯುತ್ತ ನನ್ನ ಕೌಂಟರಿನ ಹತ್ತಿರ ಬಂದಳು.

“ಮಾಮಾ, ನೀವು ಭಾಲ್ಕಿಯವರಂತಲ್ರಿ? ನಾ ಹುಮನಾಬಾದದಾಕಿ,” ಎಂದಳು.

ನಮ್ಮದೇ ಮಾತು. ಎಷ್ಟು ಸವಿಯಾಗಿ ಆಡಿದಳು! ಊರು ಯಾವ ಕಡೆ, ಓಣಿ ಯಾವುದು, ತಂದೆ ಯಾರು ಎಂದು ಕೇಳಲು ಬಾಯಿ ತೆರೆದೇಬಿಟ್ಟಿದ್ದೆ. ಅಷ್ಟರಲ್ಲಿ ಆಕೆ ಸುತ್ತ ನೋಡಿ ದನಿ ತಗ್ಗಿಸಿದಳು.

“ನಿಮ್ಮ ತಂಗಿ ಮಗಳು ನಮ್ಮ ಕಂಪನ್ಯಾಗ ಇದಾಳಂತ, ಆ ಹೆಸರಿಲ್ಲದ ಫಾರ್ಮ್ ಬರದಿದ್ಳಂತ. ನಂದೂ ಒಂದು ಬರಿಯೂದದರಿ. ಬರದ್ರ ಏನಾಗ್ತದ ಮಾಮಾ? ಆಕಿಗಿ ಏನೂ ಆಗಿಲ್ಲಂತಾರ, ಖರೇ ಏನ್ರಿ?”

ಏನು ಹೇಳಬೇಕಿತ್ತು ಲಕ್ಷ್ಮೀ? ಬರೆಯಬೇಡ ಎಂದರೆ, ಯಾಕೆ ಎಂದು ಕೇಳುತ್ತಾಳೆ. ಯಾಕೆ ಎಂದು ಹೇಳಿದರೆ ನಿನ್ನ ಹೆಸರು ಮತ್ತೆ ನನ್ನ ಬಾಯಿಂದಲೇ ಹೊರಬೀಳುತ್ತದೆ. ಬರೆ ಎಂದರೆ, ಆಕೆಯ ಪಕ್ಕದಲ್ಲಿ ಕೂಡುವವರು ಯಾರೋ, ಅವರಿಗೆ ಮನೆಯಲ್ಲಿ ಯಾರಿದ್ದಾರೋ. ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು. ಯಾರಾದರೂ ಹಿರಿಯರು ಹೇಳಲಿ ಎಂದು ಕಾದು ನಿಂತವರ ಹಾಗೆ.

ನಾನು ಮರಾಠಿಯಲ್ಲಿ ಉತ್ತರ ಕೊಟ್ಟೆ. “ಮಲಾ ಭಾಚೀ ನಾಹೀ, ಮ್ಯಾಡಮ್,” ಎಂದೆ. ನನಗೆ ತಂಗಿಯ ಮಗಳೇ ಇಲ್ಲ, ನೀವು ಬೇರೆ ಯಾರನ್ನೋ ಹುಡುಕುತ್ತಿದ್ದೀರಿ, ನಿಮ್ಮ ಭಾಷೆಯೂ ನನಗೆ ತಿಳಿಯುವುದಿಲ್ಲ ಎಂದೆ.

ಹೊರಗೆ ವ್ಯಾನ್ ಹಾರ್ನ್ ಹೊಡೆಯಿತು. “ತಪ್ಪಾತ್ರಿ,” ಎಂದು ಕನ್ನಡದಲ್ಲೇ ಹೇಳಿ, ಬ್ಯಾಗ್ ಎಳೆದುಕೊಂಡು ಹೋದಳು.

ವೈಜನಾಥ